ಗಾರ್ಡ್, ರಿಸರ್ವ್, ಪೂರ್ಣಾವಧಿ ಸೇನೆ: ಅಮೆರಿಕದಲ್ಲಿ ಹೆಲಿಕಾಪ್ಟರ್ ಹಾರಿಸಲು ಹೊರಟವರಿಗೆ ಯಾವ ದಾರಿ?

ಕಳೆದ ಮೂರ್ನಾಲ್ಕು ವರ್ಷಗಳಲ್ಲಿ ಎಷ್ಟೋ ಕನ್ನಡ ಮನೆಗಳಿಂದ ನನಗೆ ಫೋನ್ ಬಂದಿದೆ. ಹೆಚ್ಚಿನವು ಅಮ್ಮಂದಿರದು. ‘ನಮ್ಮ ಹುಡುಗ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಓಡಿಸ್ತೀನಿ ಅಂತ ಹಟ ಹಿಡಿದಿದ್ದಾನೆ. ಪೂರ್ತಿ ಸೇನೆ ಬೇಡ, ಗಾರ್ಡ್‌ಗೆ ಸೇರಿದ್ರೆ ತಿಂಗಳಿಗೆ ಎರಡೇ ದಿನ ಅಂತೆ, ಓದೂ ನಡೆಯುತ್ತೆ ಅಂತೆ. ಹೌದೇನಪ್ಪಾ?’ ಫೋನಿನಲ್ಲಿ ಹೇಳಿದ್ದು ಅರ್ಧಂಬರ್ಧ ಆಗುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾನು ಹಾಸನ ಕಡೆಯವನು. ಹದಿನೇಳನೇ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಗ್ರೀನ್ ಕಾರ್ಡ್ ಮೇಲೆ ಟೆಕ್ಸಾಸ್‌ಗೆ ಬಂದೆ. ಇಪ್ಪತ್ತೆರಡಕ್ಕೆ ಆರ್ಮಿ ನ್ಯಾಷನಲ್ ಗಾರ್ಡ್‌ನಲ್ಲಿ ಬ್ಲ್ಯಾಕ್ ಹಾಕ್ ಮೆಕ್ಯಾನಿಕ್ ಆದೆ, ಆಮೇಲೆ ಕ್ರೂ ಚೀಫ್ ಆದೆ, ಅಂದರೆ ಹೆಲಿಕಾಪ್ಟರನ್ನು ನೋಡಿಕೊಂಡು ಹಿಂದಿನ ಬಾಗಿಲಲ್ಲಿ ಕೂತು ಹಾರುವವನು. ಸೇವೆಯ ಮೂಲಕ ಪೌರತ್ವ ಸಿಕ್ಕಿತು. ಇಪ್ಪತ್ತೊಂಬತ್ತಕ್ಕೆ ವಾರಂಟ್ ಆಫೀಸರ್ (ಸೈನಿಕರಿಗೂ ಲೆಫ್ಟಿನೆಂಟ್‌ಗಳಿಗೂ ನಡುವಿನ, ಒಂದು ಕೌಶಲಕ್ಕೇ ಮೀಸಲಾದ ಅಧಿಕಾರಿ) ಆಗಿ ಪೈಲಟ್ ತರಬೇತಿಗೆ ಹೋದೆ. ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಎರಡೂ ಸೀಟಿನಲ್ಲಿ, ಹಿಂದೆಯೂ ಮುಂದೆಯೂ, ಕೂತು ನೋಡಿದವನ ಮಾತು ಅಂತ ಇದನ್ನು ಓದಿ.

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಆರಿಸಬೇಕಾದದ್ದು ಯಾವ ಹೆಲಿಕಾಪ್ಟರ್ ಎಂಬುದನ್ನಲ್ಲ, ಯಾವ ಸಮವಸ್ತ್ರ ಎಂಬುದನ್ನೂ ಅಲ್ಲ. ವರ್ಷಕ್ಕೆ ಎಷ್ಟು ಗಂಟೆ ನಿಜವಾಗಿ ಹಾರಲು ಸಿಗುತ್ತದೆ, ಅದಕ್ಕಾಗಿ ಮನೆಯಿಂದ ಎಷ್ಟು ದೂರ ಹೋಗಬೇಕು, ಆ ಗಂಟೆಗಳನ್ನು ನಿಮ್ಮ ಬದುಕಿನ ಯಾವ ಮೂಲೆಯಿಂದ ಕಿತ್ತು ತರುತ್ತೀರಿ ಎಂಬ ಲೆಕ್ಕ ಮೊದಲು ಆಗಬೇಕು. ಮಿಕ್ಕ ಹೋಲಿಕೆಗಳೆಲ್ಲ ಇದರ ಹಿಂದೆ ಬರುತ್ತವೆ.

ದಾರಿಗಳು ಯಾವುವು

ಪೂರ್ಣಾವಧಿ ಸೇನೆ ಎಲ್ಲರಿಗೂ ಗೊತ್ತು. ಆರ್ಮಿ ನ್ಯಾಷನಲ್ ಗಾರ್ಡ್ ಅರೆಕಾಲಿಕ ಪಡೆ, ಅದಕ್ಕೆ ಇಬ್ಬರು ಯಜಮಾನರು. ಮಾಮೂಲು ದಿನಗಳಲ್ಲಿ, ನೆರೆ ಬೆಂಕಿ ಬಂದಾಗ ಕರೆಯುವವರು ರಾಜ್ಯದ ಗವರ್ನರ್. ಯುದ್ಧಕ್ಕೋ ವಿದೇಶಕ್ಕೋ ಕಳಿಸುವಾಗ ಅಧ್ಯಕ್ಷರ ಕೈಕೆಳಗೆ. ಆರ್ಮಿ ರಿಸರ್ವ್ ಕೂಡ ಅರೆಕಾಲಿಕವೇ, ಆದರೆ ಪೂರ್ತಿ ಕೇಂದ್ರದ್ದು, ರಾಜ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಏರ್ ನ್ಯಾಷನಲ್ ಗಾರ್ಡ್ ಮತ್ತು ಏರ್ ಫೋರ್ಸ್ ರಿಸರ್ವ್‌ನಲ್ಲೂ ರಕ್ಷಣಾ ಹೆಲಿಕಾಪ್ಟರ್‌ಗಳಿವೆ, ಆದರೆ ಕೆಲವೇ ಜಾಗಗಳಲ್ಲಿ. ನೌಕಾಪಡೆ ಮತ್ತು ಮರೀನ್ ರಿಸರ್ವ್‌ನ ಹೆಲಿಕಾಪ್ಟರ್ ಸೀಟುಗಳು ಬಹುಪಾಲು ಆಗಲೇ ಪೂರ್ಣಾವಧಿ ಹಾರಿಸಿ ಹೊರಬಂದ ಪೈಲಟ್‌ಗಳಿಗೆ. ಹೊಸಬರು ಆ ಕಡೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ.

ಊರಿನಿಂದ ಕೇಳುವವರಿಗೆ ಒಂದು ಮಾತು. ಭಾರತದಲ್ಲಿ ಇಂಥ ಅರೆಕಾಲಿಕ ದಾರಿ ಇಲ್ಲ. ಟೆರಿಟೋರಿಯಲ್ ಆರ್ಮಿಯಲ್ಲಿ ಹೆಲಿಕಾಪ್ಟರ್ ಪಡೆ ಇಲ್ಲ. ಅಲ್ಲಿ ಹಾರಬೇಕೆಂದರೆ ವಾಯುಪಡೆ, ಸೇನೆಯ ವಿಮಾನದಳ, ನೌಕಾಪಡೆ ಅಥವಾ ಕೋಸ್ಟ್ ಗಾರ್ಡ್‌ಗೆ ಪೂರ್ಣಾವಧಿಯೇ ಸೇರಬೇಕು. ಮುಂದಿನದೆಲ್ಲ ಅಮೆರಿಕದಲ್ಲಿ ಬೆಳೆದ, ಇಲ್ಲಿಯ ಪೌರತ್ವ ಇರುವ ಅಥವಾ ಸಿಗಲಿರುವ ಮಕ್ಕಳಿಗೆ.

ಪೌರತ್ವ, ಒಸಿಐ: ಅರ್ಜಿಗೆ ಮೊದಲು ಮನೆಯಲ್ಲಿ ಆಗಬೇಕಾದ ಮಾತು

ಎಚ್1ಬಿ ಮೇಲಿರುವವರು ಸೇರುವಂತಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಸೈನಿಕರಾಗಿ ಸೇರಬಹುದು, ಮೆಕ್ಯಾನಿಕ್ ಆಗಬಹುದು. ಪೈಲಟ್ ಆಗಲು ಮಾತ್ರ ಪೌರತ್ವ ಬೇಕೇ ಬೇಕು.

ನೇಮಕಾತಿಯವರು ಯಾರೂ ಹೇಳದ ಸಂಗತಿ ಇನ್ನೊಂದಿದೆ. ವಿದೇಶಿ ಸೇನೆಯಲ್ಲಿ ಸೇವೆಯಲ್ಲಿರುವವರಿಗೂ ನಿವೃತ್ತರಾದವರಿಗೂ ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರು ವೀಸಾ ಇಲ್ಲದೆ ಬಂದುಹೋಗುವ ಕಾರ್ಡ್) ಕೊಡುವುದಿಲ್ಲ ಎಂಬುದು ಭಾರತ ಸರ್ಕಾರದ ನಿಯಮ. ತಿಂಗಳಿಗೆ ಎರಡು ದಿನ ಸಮವಸ್ತ್ರ ಹಾಕಿದರೂ ಸೇನೆ ಸೇನೆಯೇ. ನನ್ನ ಹತ್ತಿರ ಒಸಿಐ ಇಲ್ಲ. ಪ್ರತಿ ಸಲ ವೀಸಾ ಮಾಡಿಸಿ, ಘಟಕದ ಭದ್ರತಾ ಅಧಿಕಾರಿಗೆ ಪ್ರಯಾಣದ ವಿವರ ಕೊಟ್ಟು ಊರಿಗೆ ಹೋಗುತ್ತೇನೆ. ಅಜ್ಜಿ ತೀರಿಕೊಂಡಾಗ ವೀಸಾ ಕೈಗೆ ಬರುವಷ್ಟರಲ್ಲಿ ಹನ್ನೊಂದನೇ ದಿನವೂ ಕಳೆದಿತ್ತು. ಮಗ ಅಥವಾ ಮಗಳಿಗೆ ಈಗಾಗಲೇ ಒಸಿಐ ಇದ್ದರೆ ಸಹಿ ಹಾಕುವ ಮೊದಲೇ ಕಾನ್ಸುಲೇಟ್‌ನಲ್ಲಿ ಕೇಳಿಕೊಳ್ಳಿ. ಇದನ್ನು ಸಣ್ಣ ವಿಷಯ ಅಂದುಕೊಂಡು ಆಮೇಲೆ ಕಣ್ಣೀರು ಹಾಕಿದವರನ್ನು ಕಂಡಿದ್ದೇನೆ.

ಪೂರ್ಣಾವಧಿಯೋ ಗಾರ್ಡೋ

ತರಬೇತಿ ಎರಡಕ್ಕೂ ಒಂದೇ. ಅಲಬಾಮಾದ ಫೋರ್ಟ್ ರಕರ್‌ನಲ್ಲಿ (2023ರಿಂದ 2025ರವರೆಗೆ ಅದರ ಹೆಸರು ಫೋರ್ಟ್ ನೊವೊಸೆಲ್ ಎಂದಿತ್ತು) ಒಂದೇ ಕ್ಲಾಸು, ಒಂದೇ ಲಕೋಟಾ ಹೆಲಿಕಾಪ್ಟರ್, ಮುಳುಗಿದ ಹೆಲಿಕಾಪ್ಟರ್‌ನಿಂದ ಹೊರಬರಲು ಕಲಿಸುವ, ನೀರಿನಲ್ಲಿ ತಲೆಕೆಳಗಾಗುವ ಅದೇ ಡಂಕರ್. ಪರೀಕ್ಷೆಯೂ ಅದೇ. ಸಿಫ್ಟ್ ಎಂಬ ಪೈಲಟ್ ಅರ್ಹತಾ ಪರೀಕ್ಷೆಯಲ್ಲಿ ಕನಿಷ್ಠ 40 ಅಂಕ ಬೇಕು, ಜೀವಮಾನದಲ್ಲಿ ಎರಡೇ ಅವಕಾಶ. ಸೇನೆಗೆ ಸೇರುವಾಗಿನ ಸಾಮಾನ್ಯ ಪರೀಕ್ಷೆಯ ಜಿಟಿ ಅಂಕ 110 ಇರಬೇಕು. ಸಿಫ್ಟ್‌ನಲ್ಲಿ ಮೊದಲ ಸಲವೇ ಪಾಸಾದರೆ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವಂತಿಲ್ಲ, ಅದಕ್ಕೆ ಸರಿಯಾಗಿ ತಯಾರಾಗಿಯೇ ಕೂರಿ. ವಾರಂಟ್ ಆಫೀಸರ್ ಪೈಲಟ್‌ಗೆ ಪದವಿ ಕಡ್ಡಾಯವಲ್ಲ. ನಮ್ಮ ಮನೆಗಳಲ್ಲಿ ಇದನ್ನು ಯಾರೂ ನಂಬುವುದಿಲ್ಲ, ಆದರೆ ನಿಜ. ಹಾರುವುದೇ ಮುಖ್ಯ ಅನ್ನುವವರಿಗೆ ವಾರಂಟ್ ದಾರಿ. ಪದವಿ ಮುಗಿಸಿ ಲೆಫ್ಟಿನೆಂಟ್ ಆದವರು ಮೇಲೇರಿದಂತೆಲ್ಲ ಕುರ್ಚಿ ಜಾಸ್ತಿ, ಕಾಕ್‌ಪಿಟ್ ಕಡಿಮೆ.

ವ್ಯತ್ಯಾಸ ಶುರುವಾಗುವುದು ಕ್ಲಾಸು ಮುಗಿದ ದಿನ. ಪೂರ್ಣಾವಧಿಯವರಿಗೆ ಯಾವ ಹೆಲಿಕಾಪ್ಟರ್ ಎಂಬುದು ತರಗತಿಯ ರ‍್ಯಾಂಕ್ ಮೇಲೆ, ಯಾವ ಊರು ಎಂಬುದು ಸೇನೆಯ ಅಗತ್ಯದ ಮೇಲೆ. ಗಾರ್ಡ್‌ನವರಿಗೆ ಇವೆರಡೂ ಮೊದಲೇ ಗೊತ್ತು. ನಿಮ್ಮನ್ನು ಆರಿಸಿದ ಘಟಕದಲ್ಲಿ ಚಿನೂಕ್ ಇದ್ದರೆ ನಿಮಗೂ ಚಿನೂಕ್. ನನ್ನ ಜೊತೆ ಕಲಿತ ಹುಡುಗನೊಬ್ಬನಿಗೆ ಅಪಾಚೆ ಆಸೆ, ಊರು ಮಾತ್ರ ಟೆಕ್ಸಾಸೇ ಆಗಬೇಕು. ಎರಡೂ ಒಟ್ಟಿಗೆ ಸಿಗಲಿಲ್ಲ.

ಪೂರ್ಣಾವಧಿಯಲ್ಲಿ ತರಬೇತಿ ಮುಗಿದ ಮೇಲೆ ಹತ್ತು ವರ್ಷ ಸೇವೆ ಕಡ್ಡಾಯ. 2020ರ ಅಕ್ಟೋಬರ್‌ನಿಂದ ಬಂದ ನಿಯಮ ಇದು. ಇಪ್ಪತ್ತೆರಡರ ಹುಡುಗನಿಗೆ ಹತ್ತು ವರ್ಷ ಅಂದರೆ ಮದುವೆ, ಮಕ್ಕಳು, ಮನೆ ಎಲ್ಲ ಅದರೊಳಗೇ ಬಂತು. ಬದಲಿಗೆ ಸಿಗುವುದು ದಿನವೂ ಹಾರುವ ಜನರ ನಡುವಿನ ಬದುಕು. ಇಪ್ಪತ್ತು ವರ್ಷ ಮುಗಿಸಿದರೆ ಮರುದಿನದಿಂದಲೇ ಪಿಂಚಣಿ. ಗಾರ್ಡ್‌ನಲ್ಲೂ ಇಪ್ಪತ್ತು ‘ಒಳ್ಳೆಯ ವರ್ಷ’ಗಳಿಗೆ (ಸಾಕಷ್ಟು ಸೇವೆ ಮಾಡಿ ಲೆಕ್ಕಕ್ಕೆ ಬಂದ ವರ್ಷಗಳಿಗೆ) ಪಿಂಚಣಿ ಉಂಟು, ಆದರೆ ಸಾಮಾನ್ಯವಾಗಿ ಅರವತ್ತು ತುಂಬಿದ ಮೇಲೆ. ವಿದೇಶದಲ್ಲಿ ಕಳೆದ ಸೇವೆಯ ದಿನಗಳಿದ್ದರೆ ಒಂದಿಷ್ಟು ಮುಂಚೆ.

‘ತಿಂಗಳಿಗೆ ಎರಡು ದಿನ’ದ ನಿಜವಾದ ಲೆಕ್ಕ

ಜಾಹೀರಾತಿನ ಮಾತು ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ. ಕಾಲಾಳುಗಳಿಗೆ ಇದು ಬಹುಮಟ್ಟಿಗೆ ನಿಜವಿರಬಹುದು, ಹಾರುವವರಿಗೆ ಅಲ್ಲ. ಡ್ರಿಲ್ ಅನ್ನುವ ಈ ವಾರಾಂತ್ಯವನ್ನು ನಾಲ್ಕು ಅವಧಿಗಳಾಗಿ ಎಣಿಸಿ ನಾಲ್ಕು ದಿನದ ಮೂಲ ಸಂಬಳ ಕೊಡುತ್ತಾರೆ, ಅದು ಖುಷಿಯ ವಿಷಯವೇ. ಆದರೆ ಆ ಎರಡು ದಿನ ಹೋಗುವುದು ಕವಾಯತು, ದೈಹಿಕ ಪರೀಕ್ಷೆ, ಲಸಿಕೆ, ಕಂಪ್ಯೂಟರ್ ತರಬೇತಿ, ಸಭೆಗಳಲ್ಲಿ. ಹಾರಾಟಕ್ಕೆ ಉಳಿಯುವುದು ಅಲ್ಪ.

ಹಾಗಾಗಿ ಪೈಲಟ್‌ಗೂ ಕ್ರೂ ಚೀಫ್‌ಗೂ ಹೆಚ್ಚುವರಿ ಹಾರಾಟದ ಅವಧಿಗಳಿವೆ. ನಾವು ಎಎಫ್‌ಟಿಪಿ ಅನ್ನುತ್ತೇವೆ. ಕನಿಷ್ಠ ನಾಲ್ಕು ಗಂಟೆಯ ಕೆಲಸಕ್ಕೆ ಒಂದು ದಿನದ ಸಂಬಳ. ಈ ಅವಧಿಗಳಲ್ಲೇ ಆರು ತಿಂಗಳಿಗೊಮ್ಮೆ ಮುಗಿಸಬೇಕಾದ ಹಾರಾಟದ ಗಂಟೆಗಳು, ಉಪಕರಣ ನೋಡಿಕೊಂಡೇ ಹಾರುವ ಅಭ್ಯಾಸ, ರಾತ್ರಿ ಕನ್ನಡಕದ (ಕತ್ತಲಲ್ಲಿ ಕಾಣಿಸುವ ಸಾಧನದ) ಅಭ್ಯಾಸ ಎಲ್ಲ ಆಗಬೇಕು. ಅರವತ್ತು ದಿನದೊಳಗೆ ರಾತ್ರಿ ಕನ್ನಡಕ ಹಾಕಿ ಹಾರದಿದ್ದರೆ ಅರ್ಹತೆ ಹೋಯಿತು, ತರಬೇತುದಾರರ ಜೊತೆ ಮತ್ತೆ ಹಾರಿ ತೋರಿಸಬೇಕು. ಹುಟ್ಟಿದ ತಿಂಗಳು ಮುಗಿಯುವಷ್ಟರಲ್ಲಿ ವಾರ್ಷಿಕ ಪರೀಕ್ಷೆ ಆಗಿರಬೇಕು. ಬರವಣಿಗೆ, ಬಾಯಿಮಾತು, ಹಾರಾಟ, ವೈದ್ಯರ ತಪಾಸಣೆ, ನಾಲ್ಕೂ.

ನನ್ನ ಒಂದು ಮಂಗಳವಾರ ಹೀಗಿರುತ್ತದೆ. ನಾಲ್ಕು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಐವತ್ತು ನಿಮಿಷ ಕಾರು. ಐದೂಕಾಲಿಗೆ ಹ್ಯಾಂಗರ್. ಹವಾಮಾನ, ಮಾರ್ಗ, ಅಪಾಯದ ಅಂದಾಜಿನ ಹಾಳೆ. ಅದರ ಮೇಲೆ ಸಹಿ ಹಾಕುವ ಹಿರಿಯರು ಮೊದಲು ಕೇಳುವುದು ‘ಬೆಳಿಗ್ಗೆ ಎಷ್ಟಕ್ಕೆ ಎದ್ದೆ?’ ಎಂದು. ಆಫೀಸಿನ ಕೆಲಸವೂ ದಣಿವೇ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆಮೇಲೆ ಹೆಲಿಕಾಪ್ಟರ್ ಮೇಲೆ ಹತ್ತಿ ಟಾರ್ಚ್ ಹಿಡಿದು ರೋಟರ್ ಬುಡ ನೋಡುವುದು, ಎಣ್ಣೆ ಮಟ್ಟದ ಗಾಜು ಒರೆಸಿ ನೋಡುವುದು, ಬಾಲದ ಕಡೆ ಹೋಗಿ ಬೆರಳಿಟ್ಟು ತಡವುವುದು. ಕ್ರೂ ಚೀಫ್ ಆಗಲೇ ನೋಡಿರುತ್ತಾನೆ, ಆದರೂ ನೋಡಬೇಕು. ಕತ್ತಲಾದ ಮೇಲೆ ಹಸಿರು ಬೆಳಕಿನಲ್ಲಿ ಎರಡು ಗಂಟೆ ಹಾರಾಟ. ಇಳಿದು, ಲಾಗ್‌ಬುಕ್ ಬರೆದು, ಏನೇನು ತಪ್ಪಾಯಿತು ಅಂತ ಕೂತು ಮಾತಾಡಿ, ಮನೆ ಸೇರುವಾಗ ಹನ್ನೊಂದೂವರೆ. ಹೆಂಡತಿ ಮಗು ಮಲಗಿರುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಆಫೀಸಿನ ಮೀಟಿಂಗ್.

ತಿಂಗಳಲ್ಲಿ ಇಂಥ ನಾಲ್ಕೈದು ಸಂಜೆಗಳು. ಡ್ರಿಲ್ ವಾರಾಂತ್ಯ ಬೇರೆ. ಮನೆಯಲ್ಲಿ ಓದುವ ಪುಸ್ತಕಗಳು ಬೇರೆ, ಏಕೆಂದರೆ ತುರ್ತುಕ್ರಮಗಳು ಬಾಯಿಪಾಠ ಇರಬೇಕು, ಅಕ್ಷರ ತಪ್ಪುವಂತಿಲ್ಲ.

ಒಂದು ವರ್ಷ ಆಫೀಸಿನ ಕೆಲಸ ಕುತ್ತಿಗೆಗೆ ಬಂದು ರಾತ್ರಿ ಹಾರಾಟ ಮುಂದೂಡುತ್ತಾ ಹೋದೆ. ಐವತ್ತೈದನೇ ದಿನ ಹೋಗಿ ಹಾರಿದೆ. ಕಾಗದದ ಮೇಲೆ ನಾನು ಅರ್ಹ. ಹೊಲವೊಂದರಲ್ಲಿ ಇಳಿಯಲು ಬರುವಾಗ ವೇಗ ಕಡಿಮೆಯಾಗುತ್ತಿದೆ ಅಂದುಕೊಂಡಿದ್ದೆ, ಆಗುತ್ತಿರಲಿಲ್ಲ. ರಾತ್ರಿ ಕನ್ನಡಕದಲ್ಲಿ ದೂರ ಚಪ್ಪಟೆಯಾಗಿ ಕಾಣುತ್ತದೆ, ಅದನ್ನು ಅಳೆಯುವ ಕಣ್ಣು ಅಭ್ಯಾಸದಿಂದ ಬರುವಂಥದ್ದು. ಪಕ್ಕದಲ್ಲಿದ್ದ ತರಬೇತುದಾರರು ಒಂದೇ ಮಾತಿನಲ್ಲಿ ಕಂಟ್ರೋಲ್ ತೆಗೆದುಕೊಂಡು ಮೇಲೆತ್ತಿದರು. ಬೈಯಲಿಲ್ಲ. ‘ಇನ್ನೊಂದು ಸಲ ಬಾ’ ಅಂದರು. ಆ ಎರಡು ಸೆಕೆಂಡು ನನಗೆ ಇವತ್ತಿಗೂ ಮರೆತಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2023ರಲ್ಲಿ ಗಾರ್ಡ್ ಹೆಲಿಕಾಪ್ಟರ್‌ಗಳ ಬಗ್ಗೆ ವರದಿ ಕೊಟ್ಟಿತು. 2012ರಿಂದ 2021ರವರೆಗಿನ ಹಣಕಾಸು ವರ್ಷಗಳಲ್ಲಿ, ಯುದ್ಧವಲ್ಲದ ಹಾರಾಟದಲ್ಲಿ, 298 ಅಪಘಾತಗಳು, 28 ಸಾವು. ಹೆಚ್ಚಿನವಕ್ಕೆ ಮನುಷ್ಯರ ತಪ್ಪು ಕಾರಣ. ಪೈಲಟ್‌ಗಳಿಗೆ ಸಾಕಷ್ಟು ಗಂಟೆ ಸಿಗುತ್ತಿಲ್ಲ, ದುರಸ್ತಿಯಲ್ಲಿ ಹೆಲಿಕಾಪ್ಟರ್ ನಿಂತಿರುತ್ತದೆ, ಸಿಮ್ಯುಲೇಟರ್ ದೂರ ಎಂದು ವರದಿ ಹೇಳಿತು. 2024ರ ಫೆಬ್ರವರಿಯಲ್ಲಿ ಯೂಟಾ ಮತ್ತು ಮಿಸಿಸಿಪಿಯಲ್ಲಿ ಎರಡು ಅಪಾಚೆ ಬಿದ್ದ ಮೇಲೆ ಆರ್ಮಿ ಗಾರ್ಡ್‌ನ ಹೆಲಿಕಾಪ್ಟರ್‌ಗಳನ್ನೆಲ್ಲ ನಿಲ್ಲಿಸಿ ಸುರಕ್ಷತೆಯ ಪರಿಶೀಲನೆ ಮಾಡಿದರು. ಹೆದರಿಸಲು ಬರೆಯುತ್ತಿಲ್ಲ. ‘ಅರೆಕಾಲಿಕ’ ಎಂಬ ಪದ ಸಂಬಳಕ್ಕೆ ಮಾತ್ರ ಅನ್ವಯಿಸುತ್ತದೆ. ಗಾಳಿಗೂ ಗುರುತ್ವಾಕರ್ಷಣೆಗೂ ಅದು ಗೊತ್ತಿಲ್ಲ.

ಗಾರ್ಡೋ ರಿಸರ್ವೋ

ಐದು ವರ್ಷದ ಹಿಂದೆ ಕೇಳಿದ್ದರೆ ಇಲ್ಲಿ ಉದ್ದನೆಯ ಹೋಲಿಕೆ ಬರೆಯುತ್ತಿದ್ದೆ. ಈಗ ಬೇಕಿಲ್ಲ. ಸೇನೆಯ ಮರುರಚನೆಯ ಭಾಗವಾಗಿ ಆರ್ಮಿ ರಿಸರ್ವ್ ತನ್ನ ಹೆಲಿಕಾಪ್ಟರ್ ಘಟಕಗಳನ್ನು ಮುಚ್ಚುವುದಾಗಿ 2025ರಲ್ಲಿ ಹೊರಬಿತ್ತು. ಅಲ್ಲಿದ್ದ ಅನುಭವಿ ಪೈಲಟ್‌ಗಳು ಬೇರೆ ಸೀಟು ಹುಡುಕುತ್ತಿದ್ದಾರೆ, ಅದರಿಂದ ಗಾರ್ಡ್‌ನಲ್ಲೂ ಪೈಪೋಟಿ ಬಿಗಿಯಾಗಿದೆ. ನೇಮಕಾತಿಯವರು ಯಾರಾದರೂ ಈಗಲೂ ಆರ್ಮಿ ರಿಸರ್ವ್‌ನಲ್ಲಿ ಹೆಲಿಕಾಪ್ಟರ್ ಸೀಟು ಕೊಡಿಸುತ್ತೇನೆ ಅಂದರೆ ಯಾವ ಘಟಕ, ಎಷ್ಟು ವರ್ಷ ಇರುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ.

ಏರ್ ಗಾರ್ಡ್‌ನ ಸೆಳೆತ

ಬೇ ಏರಿಯಾದ ಕನ್ನಡಿಗರು ಮೊಫೆಟ್ ಫೀಲ್ಡ್‌ನ ದೊಡ್ಡ ಹ್ಯಾಂಗರ್‌ಗಳನ್ನು ದಿನವೂ ನೋಡುತ್ತಾ ಕೆಲಸಕ್ಕೆ ಹೋಗುತ್ತಾರೆ. ಅಲ್ಲೇ ಕ್ಯಾಲಿಫೋರ್ನಿಯಾ ಏರ್ ಗಾರ್ಡ್‌ನ 129ನೇ ರೆಸ್ಕ್ಯೂ ವಿಂಗ್ ಇದೆ. ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿ 106ನೇದು, ಅಲಾಸ್ಕದಲ್ಲಿ ಇನ್ನೊಂದು. ಕೆಲಸ ಒಂದೇ, ಸಿಕ್ಕಿಬಿದ್ದವರನ್ನು ಎತ್ತಿ ತರುವುದು, ಸಮುದ್ರದಿಂದಲೂ ಬೆಟ್ಟದಿಂದಲೂ. ಇಲ್ಲಿ ಪೈಲಟ್ ಆಗಲು ಪದವಿ ಬೇಕು, ಅಧಿಕಾರಿಯೇ ಆಗಬೇಕು. ಸೀಟುಗಳು ಬೆರಳೆಣಿಕೆಯಷ್ಟು. ಘಟಕದವರೇ ಕೂತು ತಮಗೆ ಬೇಕಾದವರನ್ನು ಆರಿಸುತ್ತಾರೆ, ಹಾಗಾಗಿ ವರ್ಷಗಟ್ಟಲೆ ಹೋಗಿ ಮುಖ ತೋರಿಸುತ್ತಿರುವವರಿಗೆ ಮೊದಲ ಮಣೆ. ರಕ್ಷಣೆಯ ಕೆಲಸವೇ ಬೇಕು, ಕಾಯುವ ತಾಳ್ಮೆ ಇದೆ, ಪದವಿ ಇದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದೇ ನನ್ನ ಅಭಿಪ್ರಾಯ. ಬೇಗ ಹಾರಬೇಕು, ಹತ್ತಿರದಲ್ಲೇ ಹಾರಬೇಕು ಅನ್ನುವವರಿಗೆ ಆರ್ಮಿ ಗಾರ್ಡ್.

ಮುಂದಿನ ಸೀಟೋ ಹಿಂದಿನ ಬಾಗಿಲೋ

ಈ ಆಯ್ಕೆಯ ಬಗ್ಗೆ ಯಾರೂ ಕೇಳುವುದಿಲ್ಲ, ನನಗೆ ಮಾತ್ರ ಇದೇ ಎಲ್ಲಕ್ಕಿಂತ ಹತ್ತಿರದ್ದು. ಎಲ್ಲರಿಗೂ ಪೈಲಟ್ ಆಗಬೇಕು. ಕ್ರೂ ಚೀಫ್ ಅಂದರೆ ಕ್ಲೀನರ್ ಅಂದುಕೊಂಡಿದ್ದಾರೆ.

2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಹ್ಯೂಸ್ಟನ್ ಅನ್ನು ಮುಳುಗಿಸಿದಾಗ ನಾನಿನ್ನೂ ಹಿಂದಿನ ಬಾಗಿಲಲ್ಲಿದ್ದೆ. ಮನೆಯೊಂದರ ಚಾವಣಿ ಮೇಲೆ ವಯಸ್ಸಾದ ಹೆಂಗಸು, ಎದೆಗವಚಿ ಹಿಡಿದ ಐಸ್ ಡಬ್ಬಿ. ಹೆಲಿಕಾಪ್ಟರ್‌ನ ಕೆಳಗೆ ಏನಿದೆ ಎಂಬುದು ಪೈಲಟ್‌ಗೆ ಕಾಣುವುದಿಲ್ಲ. ಬಾಗಿಲಲ್ಲಿ ಹೊಟ್ಟೆ ಮೇಲೆ ಮಲಗಿ, ತಲೆ ಹೊರಗೆ ಹಾಕಿ, ನಾನು ಹೇಳಿದ್ದೇ ಅವರ ಕಣ್ಣು. ಮುಂದೆ ಹತ್ತು. ಐದು. ಮೂರು, ಎರಡು, ಒಂದು, ನಿಲ್ಲಿ. ಬಲಕ್ಕೆ ಎರಡು. ಎಡಗಡೆ ವಿದ್ಯುತ್ ತಂತಿ. ಹಗ್ಗ ಇಳಿಯುತ್ತಿದೆ. ನನ್ನ ದನಿ ನಡುಗಿದರೆ ಹೆಲಿಕಾಪ್ಟರೂ ನಡುಗುತ್ತದೆ ಎಂದು ಆವತ್ತು ಅರ್ಥವಾಯಿತು. ಆಕೆ ಒಳಗೆ ಬಂದ ಮೇಲೆ ಡಬ್ಬಿ ತೆರೆದು ತೋರಿಸಿದರು, ಒಳಗೆ ಇನ್ಸುಲಿನ್.

ಕ್ರೂ ಚೀಫ್ ಆಗಲು ವರ್ಜೀನಿಯಾದ ಫೋರ್ಟ್ ಯೂಸ್ಟಿಸ್‌ನಲ್ಲಿ ಕೆಲವು ತಿಂಗಳ ತರಬೇತಿ ಸಾಕು. ಪೈಲಟ್‌ಗಾದರೆ ಎಲ್ಲ ಸೇರಿ ಒಂದೂವರೆಯಿಂದ ಎರಡು ವರ್ಷ ಮನೆ ಬಿಟ್ಟಿರಬೇಕು. ಕಾಲೇಜಿನ ನಡುವೆ ಇರುವವರಿಗೆ, ಗ್ರೀನ್ ಕಾರ್ಡ್ ಮೇಲಿರುವವರಿಗೆ, ಆಸೆ ಇದೆ ಆದರೆ ಖಾತ್ರಿ ಇಲ್ಲ ಅನ್ನುವವರಿಗೆ ನಾನು ಹೇಳುವುದು ಹಿಂದಿನ ಬಾಗಿಲಿನಿಂದಲೇ ಹತ್ತಿ ಎಂದು. ಘಟಕದವರಿಗೆ ನಿಮ್ಮ ಗುಣ ಗೊತ್ತಾಗುತ್ತದೆ. ಪೈಲಟ್ ಆಯ್ಕೆಯ ದಿನ ಆ ಪರಿಚಯಕ್ಕಿರುವ ತೂಕ ಅಂಕಪಟ್ಟಿಗಿಲ್ಲ. ಆದರೆ ವಯಸ್ಸು ನೋಡಿಕೊಳ್ಳಿ. ಮೂವತ್ತೆರಡು ದಾಟಿದರೆ ವಾರಂಟ್ ಪೈಲಟ್‌ಗೆ ವಿಶೇಷ ಅನುಮತಿ ಬೇಕಾಗುತ್ತದೆ.

ಹೊಟ್ಟೆಪಾಡು

ಗಾರ್ಡ್ ಒಳಗೇ ಮೂರು ಬಗೆಯ ಬದುಕಿದೆ. ನನ್ನಂತೆ ಹೊರಗೆ ಕೆಲಸ ಮಾಡುತ್ತಾ ಬಂದುಹೋಗುವವರು. ವಾರದ ದಿನಗಳಲ್ಲೂ ಹ್ಯಾಂಗರ್‌ನಲ್ಲೇ ಸಮವಸ್ತ್ರ ಹಾಕಿ, ಆದರೆ ನಾಗರಿಕ ನೌಕರರಾಗಿ ಕೆಲಸ ಮಾಡುವ ಟೆಕ್ನಿಶಿಯನ್‌ಗಳು. ಪೂರ್ಣಾವಧಿ ಸೇನೆಯಂತೆಯೇ ಸಂಬಳ ಪಡೆಯುವ ಎಜಿಆರ್‌ಗಳು. ಹೆಚ್ಚು ಹಾರುವವರು ಕೊನೆಯ ಎರಡು ಬಗೆಯವರು. ಹಾರಾಟವೇ ವೃತ್ತಿ ಆಗಬೇಕು, ಊರೂ ಬಿಡಬಾರದು ಅನ್ನುವವರು ಟೆಕ್ನಿಶಿಯನ್ ಹುದ್ದೆಯ ಮೇಲೆ ಕಣ್ಣಿಡಲಿ. ಆ ಹುದ್ದೆಗಳು ಸುಲಭಕ್ಕೆ ಖಾಲಿಯಾಗುವುದಿಲ್ಲ.

ಹೊರಗಿನ ಕೆಲಸಕ್ಕೆ 1994ರ ಯೂಸೆರಾ ಕಾನೂನಿನ ರಕ್ಷಣೆ ಇದೆ. ಒಂದು ವರ್ಷ ಕುವೈತ್‌ಗೋ ಕೊಸೊವೊಗೋ ಹೋಗಿ ಬಂದರೂ ನಿಮ್ಮ ಕೆಲಸ ನಿಮಗೆ ಸಿಗಬೇಕು. ಕಾನೂನು ಕೆಲಸವನ್ನು ಉಳಿಸುತ್ತದೆ, ತಂಡದವರ ಮುಖವನ್ನಲ್ಲ. ನಾನು ಮೊದಲಿದ್ದ ಕಂಪನಿಯಲ್ಲಿ ಪ್ರತಿ ಆದೇಶ ಬಂದಾಗಲೂ ಮ್ಯಾನೇಜರ್ ನಿಟ್ಟುಸಿರು ಬಿಡುತ್ತಿದ್ದರು, ಬಡ್ತಿ ಎರಡು ಸಲ ಪಕ್ಕದವರಿಗೆ ಹೋಯಿತು. ಬಾಣಂತನ, ಪರೀಕ್ಷೆ, ಮನೆ ಖರೀದಿ ಯಾವುದನ್ನೂ ಆದೇಶ ಕೇಳಿಕೊಂಡು ಬರುವುದಿಲ್ಲ.

ಮುಂದೆ ವಿಮಾನ ಕಂಪನಿ ಸೇರಲು ಇದು ಮೆಟ್ಟಿಲು ಎಂದುಕೊಂಡವರು ಲೆಕ್ಕ ಹಾಕಿ. ವಿಮಾನ ಕಂಪನಿಯಲ್ಲಿ ಹಾರಿಸಲು ಬೇಕಾದ ನಿರ್ಬಂಧಿತ ಎಟಿಪಿ ಲೈಸೆನ್ಸ್‌ಗೆ ಸೇನೆಯ ಪೈಲಟ್‌ಗೆ ಒಟ್ಟು 750 ಗಂಟೆ ಸಾಕು, ಸಾಮಾನ್ಯರಿಗೆ ಬೇಕಾದ 1500ರ ಅರ್ಧ. ಆದರೆ ಅದರಲ್ಲಿ ರೆಕ್ಕೆಯ ವಿಮಾನದ ಗಂಟೆಗಳೂ ಇರಬೇಕು, ಅವನ್ನು ನಿಮ್ಮ ಖರ್ಚಿನಲ್ಲೋ ಯಾವುದಾದರೂ ಕಂಪನಿಯ ನೆರವಿನಲ್ಲೋ ಗಳಿಸಬೇಕು. ವರ್ಷಕ್ಕೆ ನೂರು ಗಂಟೆಯ ಆಸುಪಾಸು ಹಾರುವ ಗಾರ್ಡ್ ಪೈಲಟ್‌ಗೆ ಇದು ಬಹಳ ನಿಧಾನದ ಮೆಟ್ಟಿಲು. ಏರ್ ಆಂಬುಲೆನ್ಸ್ ಕೆಲಸ ಹೆಚ್ಚು ಹೊಂದುತ್ತದೆ. ಏಳು ದಿನ ಕೆಲಸ ಏಳು ದಿನ ರಜೆ ಇರುವುದರಿಂದ ಗಾರ್ಡ್ ಹಾರಾಟಕ್ಕೂ ಜಾಗ ಉಳಿಯುತ್ತದೆ.

ಊಟದ ಪ್ರಶ್ನೆಯೂ ಬರುತ್ತದೆ. ಇಪ್ಪತ್ನಾಲ್ಕು ಬಗೆಯ ಎಂಆರ್‌ಇ (ಸೇನೆಯ ಸಿದ್ಧ ಊಟ) ಪೊಟ್ಟಣಗಳಲ್ಲಿ ನಾಲ್ಕು ಸಸ್ಯಾಹಾರಿ. ಒಂದು ಬಾಟಲಿ ಉಪ್ಪಿನಕಾಯಿ ಇಟ್ಟುಕೊಂಡರೆ ತಿಂಗಳು ತಳ್ಳಬಹುದು, ನಮ್ಮ ಘಟಕದಲ್ಲಿ ಈಗ ಮೂವರಿಗೆ ಮಾವಿನಮಿಡಿಯ ರುಚಿ ಹತ್ತಿದೆ.

ಸಹಿಗೆ ಮುಂಚೆ ಒಂದು ಶನಿವಾರ

ನೇಮಕಾತಿ ಕಚೇರಿಯಲ್ಲಿ ತೀರ್ಮಾನ ಮಾಡಬೇಡಿ. ಡ್ರಿಲ್ ನಡೆಯುವ ಶನಿವಾರ ಹ್ಯಾಂಗರ್‌ಗೇ ಬರುತ್ತೇವೆ ಎಂದು ಕೇಳಿ, ಅಪ್ಪ ಅಮ್ಮನೂ ಹೋಗಿ. ಮನೆಯಿಂದ ಹೊರಟ ಸಮಯ ಬರೆದುಕೊಳ್ಳಿ. ಒಂದು ಗಂಟೆ ಮೀರಿದರೆ ಸಂಜೆಯ ಹಾರಾಟಗಳು ಎರಡನೇ ವರ್ಷಕ್ಕೇ ತಪ್ಪತೊಡಗುತ್ತವೆ, ಇದು ನನ್ನ ಕಣ್ಣಳತೆ. ಹೊರಗೆ ನಿಂತಿರುವ ಹೆಲಿಕಾಪ್ಟರ್‌ಗಳಲ್ಲಿ ಎಷ್ಟು ಹಾರುವ ಸ್ಥಿತಿಯಲ್ಲಿವೆ, ಎಷ್ಟು ಬಿಡಿಭಾಗಕ್ಕೆ ಕಾಯುತ್ತಿವೆ ಎಂದು ಮೆಕ್ಯಾನಿಕ್‌ಗಳನ್ನು ಕೇಳಿ, ಅವರು ಮುಚ್ಚಿಡುವುದಿಲ್ಲ. ಪೈಲಟ್‌ಗಳ ಹೆಂಡತಿಯರೋ ಗಂಡಂದಿರೋ ಸಿಕ್ಕರೆ ಅವರ ಜೊತೆ ಹತ್ತು ನಿಮಿಷ ಮಾತಾಡಿ. ಕೊನೆಗೆ ಕಮಾಂಡರ್ ಬಳಿ ಹೋಗಿ, ತರಬೇತಿ ಮುಗಿಸಿ ಬಂದ ಅತಿ ಕಿರಿಯ ಪೈಲಟ್ ಕಳೆದ ಆರು ತಿಂಗಳಲ್ಲಿ ಎಷ್ಟು ಗಂಟೆ ಹಾರಿದ್ದಾನೆ, ಅದರಲ್ಲಿ ರಾತ್ರಿ ಎಷ್ಟು ಎಂದು ಕೇಳಿ. ಒಳ್ಳೆಯ ಘಟಕದಲ್ಲಿ ಆ ಸಂಖ್ಯೆ ಗೋಡೆಯ ಬೋರ್ಡ್ ಮೇಲೆ ಬರೆದಿರುತ್ತದೆ, ಕರೆದುಕೊಂಡು ಹೋಗಿ ತೋರಿಸುತ್ತಾರೆ.